ಸಿ.ಡಿ.ಯ ಮೇಲಿನ ಕುಂಕುಮ

ದಸರೆಗೆ ಮುಂಚೆ ಅಟ್ಟ ಇಳಿಸುವುದು ನಮ್ಮ ಮನೆಯಲ್ಲಿ ವರ್ಷವರ್ಷವೂ ತಪ್ಪದ ಕಾರ್ಯಕ್ರಮ. ಇಳಿಸಿದ್ದನ್ನೆಲ್ಲ ಒರೆಸುತ್ತೇನೆ, ಒರೆಸಿದ್ದನ್ನೆಲ್ಲ ಮತ್ತೆ ಅಟ್ಟಕ್ಕೇ ಏರಿಸುತ್ತೇನೆ. ಒಂದು ಸಾಮಾನಾದರೂ ಮನೆ ಬಿಟ್ಟು ಹೊರಗೆ ಹೋದದ್ದಿಲ್ಲ. ಈ ಸಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸಿ.ಡಿ.ಯೊಂದು ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಫೈನಲ್’ ಎಂದು ನನ್ನದೇ ಕೈಬರಹ. ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು. ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಆದರೂ ಬೆರಳಿನ ಗೆರೆಗಳು ಕಾಣುತ್ತವೆ. ಅದು ನಮ್ಮ ಆಗಿನ ಆಫೀಸಿನ ಮನೆ ಓನರು ಪಾಪಮ್ಮನವರ ಉಂಗುರದ ಬೆರಳು. ಅಟ್ಟದ ಕೆಲಸ ಅಲ್ಲಿಗೇ ನಿಂತಿತು, ನಾನು ಏಣಿಯ ಮೇಲೇ ಕೂತುಬಿಟ್ಟೆ.

ಅದನ್ನು ಹಾಕಿ ನೋಡೋಣವೆಂದರೆ ಈಗ ನಮ್ಮ ಮನೆಯ ಯಾವ ಕಂಪ್ಯೂಟರಿಗೂ ಸಿ.ಡಿ. ನುಂಗುವ ಬಾಯಿಲ್ಲ. ನೋಡುವ ಅಗತ್ಯವೂ ಇಲ್ಲ ಬಿಡಿ, ಒಳಗೇನಿದೆಯೆಂದು ನನಗೆ ಗೊತ್ತು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ವೆಬ್ ಸರ್ವರ್ ಇದೆ. ಅಂದರೆ, ಯಾರಾದರೂ ತಮ್ಮ ಕಂಪ್ಯೂಟರಿನಿಂದ ಒಂದು ಪುಟ ಕೇಳಿದರೆ ಹುಡುಕಿ ಕೊಡಲು ಸದಾ ಕಾದು ಕೂತಿರುವ ಪ್ರೋಗ್ರಾಮು. ಅದನ್ನು ಅದರ ಸರಂಜಾಮಿನ ಸಮೇತ ಕಟ್ಟಿ, ವಿಂಡೋಸಿನ ಬದಲು ಲಿನಕ್ಸ್ ಇರುವ ಯಾವ ಯಂತ್ರದ ಮೇಲಾದರೂ ಯಾರು ಬೇಕಾದರೂ ಬಿಚ್ಚಿಕೊಳ್ಳುವಂತೆ ಮಾಡುವುದು ಆಗ ನನ್ನ ಕೆಲಸ. ಪ್ಯಾಕೇಜಿಂಗ್ ಎನ್ನುತ್ತಾರೆ. ಪ್ರೋಗ್ರಾಮು ಬರೆದವರನ್ನು ಜನ ಹೊಗಳುತ್ತಾರೆ, ಗಂಟು ಕಟ್ಟಿದವಳ ನೆನಪು ಬರುವುದು ಗಂಟು ಬಿಚ್ಚಿಕೊಳ್ಳದೆ ಕೈಕೊಟ್ಟಾಗ ಮಾತ್ರ. ಆಗ ಚೆನ್ನಾಗಿಯೇ ನೆನೆಸಿಕೊಳ್ಳುತ್ತಾರೆ.

ಗಂಟು ಕಟ್ಟುವುದು ನಮ್ಮ ಮನೆತನದ ವಿದ್ಯೆ. ಅಪ್ಪನದು ವರ್ಗಾವಣೆಯ ನೌಕರಿ. ಗದಗ, ಕೊಪ್ಪಳ, ಬಾಗಲಕೋಟೆ ಅಂತ ಲಾರಿಯ ಹಿಂದೆ ಹಿಂದೆಯೇ ಬೆಳೆದವಳು ನಾನು. ಅವ್ವ ಟ್ರಂಕು ತುಂಬುವಾಗ ಹೊಸ ಮನೆಯಲ್ಲಿ ಮೊದಲು ಬೇಕಾಗುವುದನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದಳು: ಸ್ಟೋವು, ಕಡ್ಡಿಪೆಟ್ಟಿಗೆ, ಚಹಾಪುಡಿ, ಸಕ್ಕರೆ. ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು ಅಪ್ಪನ ಪಾಲು. ಒಮ್ಮೆ ಬಾಗಲಕೋಟೆಯ ಹೊಸ ಮನೆಯ ಮುಂದೆ ಲಾರಿಯಿಂದ ಎಲ್ಲ ಇಳಿಸಿಯಾಯಿತು. ಅಪ್ಪ ತೋಳು ಮೇಲೇರಿಸಿ ಪೆಟ್ಟಿಗೆಗಳ ಮುಂದೆ ನಿಂತು, “ಸುತ್ತಿಗಿ ಎಲ್ಲೈತಿ?” ಅಂದರು.

“ನೀವ ಒಳಗ ಇಟ್ರೆಲ್ಲ,” ಅಂದಳು ಅವ್ವ.

ಸುತ್ತಿಗೆ ಒಳಗಿಟ್ಟು ಮೊಳೆ ಹೊಡೆದದ್ದು ಹೇಗೆ ಅಂತ ನೀವು ಕೇಳಬಹುದು. ಅದೇ ನಮ್ಮ ಅಪ್ಪನ ಹೆಚ್ಚುಗಾರಿಕೆ. ಸ್ವಂತದ ಸುತ್ತಿಗೆ ಕಳೆದುಹೋಗಬಾರದೆಂದು ಭದ್ರವಾಗಿ ಒಳಗಿಟ್ಟು, ಪಕ್ಕದ ಮನೆಯವರ ಸುತ್ತಿಗೆ ಇಸಿದುಕೊಂಡು ಮೊಳೆ ಹೊಡೆದಿದ್ದರು. ಅವತ್ತು ಇಡೀ ಓಣಿ ಸುತ್ತಿ ಸುತ್ತಿಗೆ ಹುಡುಕಿದೆವು. ಹೊಸ ಊರಿನಲ್ಲಿ ನಮ್ಮ ಪರಿಚಯವಾದದ್ದೇ ‘ಸುತ್ತಿಗೆ ಕೇಳಿಕೊಂಡು ಬಂದವರು’ ಅಂತ.

ಈ ಕಥೆಯನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಫ್ರಾನ್ಸಿಸ್‌ಗೆ ಹೇಳಿದ್ದೆ. ಫ್ರಾನ್ಸಿಸ್ ನಮ್ಮ ಆಫೀಸಿನ ಯಜಮಾನರು, ಕುಕ್ ಟೌನಿನವರು. ಮನೆಯಲ್ಲಿ ತಮಿಳು, ಚರ್ಚಿನಲ್ಲಿ ಇಂಗ್ಲಿಷು, ನಮ್ಮ ಜೊತೆ ಮೂರೂ ಕಲೆಸಿದ ಕನ್ನಡ. ಸಿಟ್ಟೇ ಬಾರದ ಮನುಷ್ಯ. ನಾನು ಕಟ್ಟಿದ ಮೊದಲ ಪ್ಯಾಕೇಜು ಬೇರೆ ಯಂತ್ರದಲ್ಲಿ ಬಿಚ್ಚಿದಾಗ ಓಡಲೇ ಇಲ್ಲ. ಅದು ಓಡಲು ಜಾವಾ ಬೇಕು. ನಮ್ಮ ಆಫೀಸಿನ ಯಂತ್ರಗಳಲ್ಲಿ ಜಾವಾ ಮೊದಲೇ ಇದ್ದದ್ದರಿಂದ ಪ್ಯಾಕೇಜು ಅದನ್ನೂ ಕೇಳಿ ತರಿಸಿಕೊಳ್ಳಬೇಕೆಂಬುದು ನನಗೆ ಹೊಳೆದಿರಲಿಲ್ಲ. ಫ್ರಾನ್ಸಿಸ್ ಬಯ್ಯಲಿಲ್ಲ. ಅವತ್ತಿನಿಂದ ಪ್ರತಿಯೊಂದು ಪ್ಯಾಕೇಜಿಗೂ, “ಶೈಲಾ, ಸುತ್ತಿಗೆ ಹೊರಗಡೆ ಇದೆ ಅಲ್ವಾ?” ಎಂದು ಕೇಳತೊಡಗಿದರು. ಬಯ್ದಿದ್ದರೇ ಚೆನ್ನಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಇಂದಿರಾನಗರದಲ್ಲಿ ಮನೆಗೊಂದು ಕಂಪ್ಯೂಟರ್ ಕಂಪನಿಯ ಬೋರ್ಡು ತೂಗಿದ್ದ ದಿನಗಳು ಮುಗಿದು, ಬೋರ್ಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ನಮ್ಮ ಆಫೀಸು ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಇದ್ದವರು ಕೆಲವೇ ಮಂದಿ, ಅವರಲ್ಲೂ ಅರ್ಧ ಜನ ಬೇರೆ ಕಡೆ ಹೋಗಿ, ಉಳಿದದ್ದು ಫ್ರಾನ್ಸಿಸ್, ನಾನು ಮತ್ತು ಖಾಲಿ ಕುರ್ಚಿಗಳು. ಒಂದು ದಿನ ಫ್ರಾನ್ಸಿಸ್ ಕಾಫಿ ಲೋಟ ಹಿಡಿದುಕೊಂಡು ನನ್ನ ಎದುರು ಕೂತರು.

“ಸ್ಟ್ರೇಟ್ ಆಗಿ ಹೇಳ್ಬಿಡ್ತೀನಿ ಶೈಲಾ. ಶಿವಾಜಿನಗರದ ಆರ್ಡರ್ ಸಿಕ್ಕಿದ್ರೆ ನಡೆಸ್ತೀನಿ. ಇಲ್ಲಾಂದ್ರೆ ದೀಪಾವಳಿಗೆ ಬಾಗಿಲು ಹಾಕ್ಬೇಕಾಗುತ್ತೆ.”

ಶಿವಾಜಿನಗರದ ಆರ್ಡರ್ ಎಂದರೆ ಇಲಿಯಾಸ್ ಸಾಹೇಬರದು. ಅವರದು ಪಾರ್ಸೆಲ್ ಕಳಿಸುವ ವ್ಯಾಪಾರ. ಊರಿಂದೂರಿಗೆ ಗೋಣಿಯಲ್ಲಿ ಹೊಲಿದ ಗಂಟುಗಳು ಅವರ ಅಂಗಡಿಯಿಂದ ಹೋಗುತ್ತಿದ್ದವು. ಯಾವ ಗಂಟು ಯಾವ ಊರು ಮುಟ್ಟಿದೆಯೆಂದು ಗಿರಾಕಿಗಳು ಇಂಟರ್ನೆಟ್ಟಿನಲ್ಲೇ ನೋಡಿಕೊಳ್ಳಬೇಕು ಎಂಬುದು ಅವರ ಆಸೆ. ನಾವು ಪ್ರೋಗ್ರಾಮು ತಯಾರಿಸಿ ಆಫೀಸಿನಲ್ಲಿ ಓಡಿಸಿ ತೋರಿಸಿದೆವು. ಸಾಹೇಬರು ತಾಳ್ಮೆಯಿಂದ ನೋಡಿ, ಗಡ್ಡ ನೀವಿಕೊಂಡು, ಒಂದು ಶರತ್ತು ಹಾಕಿದರು.

“ಇಲ್ಲಿ ಎಲ್ಲಾ ಚೆನ್ನಾಗಿದೆ ಮೇಡಂ. ನಿಮ್ಮ ಮನೇಲಿ ನೀವು ಮಾಡಿದ ಅಡಿಗೆ ಚೆನ್ನಾಗೇ ಇರುತ್ತೆ. ಸಿ.ಡಿ. ಕೊಡಿ. ನಮ್ಮ ಅಂಗಡಿಯಲ್ಲಿ ನಮ್ಮ ಗುಮಾಸ್ತ ಹಾಕ್ತಾನೆ. ನಿಮ್ಮವರು ಯಾರೂ ಬರಬಾರದು. ಒಂದು ದಿನ ನಡೀಬೇಕು. ನಡೆದ್ರೆ ತಗೋತೀನಿ, ಬಸ್.”

ದಸರಾ ರಜೆ ಕಳೆದ ಮೇಲೆ ಸಿ.ಡಿ. ತಲುಪಿಸುವುದೆಂದು ತೀರ್ಮಾನವಾಯಿತು.

ಇಲ್ಲಿ ಆಫೀಸಿನ ಮನೆ ಓನರು ಪಾಪಮ್ಮನವರನ್ನು ಪರಿಚಯಿಸಬೇಕು. ಕೆಳಗಿನ ಮನೆಯಲ್ಲಿ ಇದ್ದರು. ಬಡಾವಣೆ ಬರುವ ಮೊದಲಿನ ಹಳ್ಳಿಯವರು. “ನೂರಡಿ ರೋಡು ಅಂತೀರಲ್ಲ, ಅಲ್ಲಿ ನಮ್ ರಾಗಿ ಹೊಲ ಇತ್ತು ಕಣಮ್ಮ,” ಎಂದು ಮೊದಲ ದಿನವೇ ಹೇಳಿದ್ದರು. ಆ ಮನೆ ಕಟ್ಟಿದ ಜಾಗದಲ್ಲಿ ಮುಂಚೆ ದನದ ಕೊಟ್ಟಿಗೆ ಇತ್ತಂತೆ. ಅದರಲ್ಲಿ ಗೌರಿ ಎಂಬ ಹಸು. “ಅವ್ಳನ್ನ ಎಬ್ಸೋದೇ ಬೇಕಾಗಿರ್ಲಿಲ್ಲ. ನಾನು ಚೊಂಬು ಎತ್ಕೊಂಡ್ರೆ ಆ ಸದ್ದಿಗೇ ಎದ್ದು ನಿಂತಿರೋಳು. ಒಂದಿನ ಬೆಳಿಗ್ಗೆ ಏಳ್ಲೇ ಇಲ್ಲ ನೋಡು,” ಎಂದು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದರು. ಅದನ್ನು ಕೇಳಿದ ಫ್ರಾನ್ಸಿಸ್ ಮಾರನೆಯ ದಿನವೇ ನಮ್ಮ ಸರ್ವರ್ ಯಂತ್ರಕ್ಕೆ ಗೌರಿ ಅಂತ ಹೆಸರಿಟ್ಟರು. ಅವತ್ತಿನಿಂದ ಪಾಪಮ್ಮನವರಿಗೆ ಅದರ ಮೇಲೆ ವಿಶೇಷ ಮಮತೆ. ಮಹಡಿ ಹತ್ತಿ ಬಂದಾಗಲೆಲ್ಲ, “ಗೌರಿ ಹೆಂಗವ್ಳೆ?” ಎಂದು ವಿಚಾರಿಸದೆ ಇಳಿಯುತ್ತಿರಲಿಲ್ಲ.

ಗೌರಿ ಚೆನ್ನಾಗಿಯೇ ಇದ್ದಳು. ಎಷ್ಟು ಚೆನ್ನಾಗಿ ಎಂದರೆ ಅವಳನ್ನು ಕೊನೆಯ ಸಲ ಆರಿಸಿದ್ದು ಯಾವಾಗ ಅಂತ ಯಾರಿಗೂ ನೆನಪಿರಲಿಲ್ಲ. ಯಂತ್ರ ಎದ್ದು ಎಷ್ಟು ದಿನವಾಯಿತೆಂದು ತಿಳಿಸುವ ಒಂದು ಆಜ್ಞೆ ಲಿನಕ್ಸಿನಲ್ಲಿದೆ. ಲಿನಕ್ಸಿನ ಮಂದಿ ನಾಲ್ಕು ಜನ ಸೇರಿದರೆ, ಮದುವೆ ಮನೆಯಲ್ಲಿ ಹೆಂಗಸರು ಬಳೆ ತೋರಿಸುವಂತೆ ಆ ಸಂಖ್ಯೆ ತೋರಿಸುತ್ತಿದ್ದರು. ದಿನಕ್ಕೊಮ್ಮೆ ಆರಿಸಿ ಹತ್ತಿಸುವುದು ಮಿಕ್ಕವರ ಹಣೆಬರಹ, ನಮ್ಮದಲ್ಲ. ಕರೆಂಟು ಹೋದರೆ ಯು.ಪಿ.ಎಸ್. ಇತ್ತು. ಫ್ರಾನ್ಸಿಸ್ ಬೆಳಿಗ್ಗೆ ಬಂದ ಕೂಡಲೇ ಶಿಲುಬೆಯ ಗುರುತು ಮಾಡಿಕೊಂಡು ಮೊದಲು ನೋಡುತ್ತಿದ್ದದ್ದೇ ಗೌರಿಯ ಆ ಸಂಖ್ಯೆಯನ್ನು. ನಾನೇನು ಕಡಿಮೆ, ಗದಗಿಗೆ ಫೋನು ಮಾಡಿ ಅದನ್ನು ಅವ್ವನಿಗೂ ಹೇಳಿದ್ದೆ. “ಪಾಪ, ಒಂದೀಟು ಮಲಗಿಸ್ರವಾ ಅದನ್ನ,” ಅಂದಿದ್ದಳು.

ಆಯುಧಪೂಜೆಯ ದಿನ ಪಾಪಮ್ಮನವರು ತಟ್ಟೆ ಹಿಡಿದುಕೊಂಡು ಮೇಲೆ ಬಂದರು. ಅರಿಶಿನ, ಕುಂಕುಮ, ಸೇವಂತಿಗೆ, ನಿಂಬೆಹಣ್ಣು, ಒಂದು ಸೇರು ಕಡ್ಲೆಪುರಿ. ಹಿಂದಿನ ವರ್ಷ ಅವರು ಮಗಳ ಬಾಣಂತನಕ್ಕೆಂದು ಹೊಸಕೋಟೆಗೆ ಹೋಗಿದ್ದರು. ಹಾಗಾಗಿ ಗೌರಿಗೆ ಇದು ಮೊದಲ ಪೂಜೆ.

“ಎಲ್ಲಾ ಆರಿಸ್ರಪ್ಪ,” ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫ್ರಾನ್ಸಿಸ್ ಮೆಲ್ಲಗೆ, “ಅಮ್ಮಾ, ಗೌರಿ ಒಂದು ಆನ್ ಇರ್ಲಿ. ಅದನ್ನ ಆಫ್ ಮಾಡೋ ಅಭ್ಯಾಸ ಇಲ್ಲ,” ಅಂದರು.

“ವರ್ಷಪೂರ್ತಿ ದುಡ್ದವ್ಳೆ. ಒಂದಿನ ಮಲಗ್ಲಿ ಬುಡಪ್ಪ. ಓಡೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ?”

ಫ್ರಾನ್ಸಿಸ್ ಕೊನೆಯ ಸಲ ಆ ಸಂಖ್ಯೆ ನೋಡಿ, ನಿಟ್ಟುಸಿರು ಬಿಟ್ಟು, ಕ್ರಮವಾಗಿಯೇ ಆರಿಸಿದರು. ಸದಾ ಗುಂಯ್ ಅನ್ನುತ್ತಿದ್ದ ಕೋಣೆಯಲ್ಲಿ ಎದುರಿನ ಮರದ ಕಾಗೆಯ ಸದ್ದು ಕೇಳಿಸಿತು. ಪಾಪಮ್ಮನವರು ಯಂತ್ರದ ಹಣೆಗೆ, ಹಣೆ ಯಾವುದೆಂದು ನನ್ನನ್ನು ಕೇಳಿಕೊಂಡು, ಅರಿಶಿನ ಕುಂಕುಮ ಇಟ್ಟರು. ಕೀಬೋರ್ಡಿಗೆ, ಮೌಸಿಗೆ, ಯು.ಪಿ.ಎಸ್.ಗೆ, ಫ್ರಾನ್ಸಿಸ್‌ರ ಸ್ಕೂಟರಿಗೆ ಎಲ್ಲಕ್ಕೂ ಬೊಟ್ಟು. ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆದು, ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಸಿಕ್ಕಿಸಿ, ಕಡ್ಲೆಪುರಿ ತಿಂದುಕೊಂಡು ಮನೆಗೆ ಹೋದೆವು.

ವಿಜಯದಶಮಿಯ ಬೆಳಿಗ್ಗೆ ಜೀವನ್ ಬಿಮಾ ನಗರದ ನನ್ನ ಬಾಡಿಗೆ ಮನೆಯಿಂದ ನಡೆದೇ ಬಂದೆ. ಚೀಲದಲ್ಲಿ ಬನ್ನಿ ಎಲೆ ಇತ್ತು. ನಮ್ಮ ಕಡೆ ಅವತ್ತು ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಅನ್ನುತ್ತೇವೆ. ಫ್ರಾನ್ಸಿಸ್‌ಗೂ ಪಾಪಮ್ಮನವರಿಗೂ ಕೊಡೋಣವೆಂದು ತಂದಿದ್ದೆ. ಫ್ರಾನ್ಸಿಸ್ ಗೌರಿಯ ಗುಂಡಿ ಒತ್ತಿದರು. ಲಿನಕ್ಸ್ ಯಂತ್ರ ಏಳುವಾಗ ಕಪ್ಪು ಪರದೆಯ ಮೇಲೆ ಸಾಲುಸಾಲು ಅಕ್ಷರ ಹರಿಯುತ್ತದೆ. ಒಂದೊಂದು ಕೆಲಸ ಎದ್ದು ನಿಂತ ಹಾಗೆಲ್ಲ ಸಾಲಿನ ತುದಿಯಲ್ಲಿ ಹಸಿರು ಬಣ್ಣದಲ್ಲಿ ‘ಓಕೆ’ ಬರುತ್ತದೆ. ಎಲ್ಲ ಓಕೆ ಬಂತು. ಪುಟ ತೆರೆದು ನೋಡಿದರೆ ಬಿಳಿ. ಮತ್ತೆ ತೆರೆದರೂ ಬಿಳಿ. ಯಂತ್ರ ಎದ್ದಿದೆ, ನಮ್ಮ ಸರ್ವರ್ ಎದ್ದಿಲ್ಲ.

ನಾವಿಬ್ಬರೂ ಪರದೆಗೆ ಮೂಗು ತಾಗಿಸಿ ಕೂತಿದ್ದಾಗ ಪಾಪಮ್ಮನವರು ಒಬ್ಬಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಕಾಣೆ.

“ಏಳ್ಲಿಲ್ವಾ?” ಅಂದರು.

“ಸ್ವಲ್ಪ ಪ್ರಾಬ್ಲಂ ಅಮ್ಮಾ. ನೋಡ್ತಾ ಇದೀವಿ,” ಅಂದರು ಫ್ರಾನ್ಸಿಸ್.

“ನಾನು ಹೂವಿಂದ ನೀರು ಚಿಮುಕಿಸಿದ್ನಲ್ಲ. ಒಳಗೋಯ್ತೇನೋ.”

ಇಲ್ಲಮ್ಮ, ಅದಕ್ಕಲ್ಲ ಅಂತ ಇಬ್ಬರೂ ಹೇಳಿದೆವು. ಆದರೆ ಯಾಕೆ ಅಂತ ನಮಗೇ ಗೊತ್ತಿರದ ಹೊತ್ತಿನಲ್ಲಿ ಹೇಳಿದ ಮಾತು ಯಾರಿಗೆ ನಾಟುತ್ತದೆ? ಅವರು ತಟ್ಟೆ ಮೇಜಿನ ಮೇಲಿಟ್ಟು ಇಳಿದುಹೋದರು. ಆಮೇಲೆ ನಾವು ಊಟಕ್ಕೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಗೌರಿಯ ಮೇಲಿದ್ದ ಅರಿಶಿನ ಕುಂಕುಮ ಇರಲಿಲ್ಲ. ಕೀಬೋರ್ಡಿನದೂ ಇಲ್ಲ, ಯು.ಪಿ.ಎಸ್.ದೂ ಇಲ್ಲ. ಯಾರೋ ಒದ್ದೆ ಬಟ್ಟೆಯಲ್ಲಿ ನಾಜೂಕಾಗಿ ಒರೆಸಿದ್ದರು. ಯಾರೋ ಏನು, ಪಾಪಮ್ಮನವರೇ. ಕೆಳಗಿನ ಅವರ ಬಾಗಿಲು ಹಾಕಿತ್ತು. ಬನ್ನಿ ಕೊಡುವುದು ಮರೆತೇಹೋಯಿತು.

ಕಾರಣ ಸಿಕ್ಕಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆ ನಮ್ಮಲ್ಲಿದ್ದು ಕೆಲಸ ಬಿಟ್ಟು ಹೋದ ಒಬ್ಬರು, ಗೌರಿಯನ್ನು ತಂದ ಹೊಸದರಲ್ಲಿ, ಸರ್ವರನ್ನು ಕೈಯಾರೆ ಎಬ್ಬಿಸಿದ್ದರು. ಜಾವಾ ಎಲ್ಲಿದೆ ಎಂಬುದನ್ನು ಆ ಹೊತ್ತಿಗೆ ಕೀಬೋರ್ಡಿನಲ್ಲಿ ಹೊಡೆದು ತಿಳಿಸಿದ್ದರು, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಯಂತ್ರ ಎದ್ದಾಗ ಯಾರ್ಯಾರನ್ನು ಎಬ್ಬಿಸಬೇಕು ಎಂದು ಲಿನಕ್ಸಿಗೆ ಹೇಳಿಡುವ ಜಾಗವೊಂದಿದೆ, ಅಲ್ಲಿ ನಮ್ಮ ಸರ್ವರಿನ ಹೆಸರೇ ಇಲ್ಲ. ಗೌರಿ ಎಂದೂ ಮಲಗಲಿಲ್ಲವಾದ್ದರಿಂದ ಅವಳಿಗೆ ಏಳಲು ಬರುವುದಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ನಾವು ಬೀಗುತ್ತ ಇದ್ದದ್ದು ಇದೇ ಸಂಖ್ಯೆಯನ್ನು ನೋಡಿಕೊಂಡು.

“ಓಕೆ, ಸಿಕ್ತಲ್ಲ. ಕೈಯಲ್ಲೇ ಸ್ಟಾರ್ಟ್ ಮಾಡಿ, ಮುಗೀತು,” ಅಂದರು ಫ್ರಾನ್ಸಿಸ್.

ಮೇಜಿನ ಮೇಲೆ ಶಿವಾಜಿನಗರಕ್ಕೆ ಹೋಗಬೇಕಾದ ಸಿ.ಡಿ. ಇತ್ತು. ಗೌರಿಯಲ್ಲಿ ಇದ್ದದ್ದನ್ನು ನೋಡಿಕೊಂಡೇ ನಾನು ಆ ಗಂಟು ಕಟ್ಟಿದ್ದೆ. ಸಾಹೇಬರ ಅಂಗಡಿಯಲ್ಲಿ ಯು.ಪಿ.ಎಸ್. ಇಲ್ಲ. ಅಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ನಮಾಜಿನಷ್ಟೇ ನಿಯಮವಾಗಿ ಎಂದು ಅವರೇ ನಗುತ್ತ ಹೇಳಿದ್ದರು.

“ಫ್ರಾನ್ಸಿಸ್, ಸುತ್ತಿಗೆ ಒಳಗೇ ಇದೆ,” ಅಂದೆ.

ಅವರು ಸಿ.ಡಿ.ಯನ್ನು ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

ಮುಂದಿನ ದಿನಗಳಲ್ಲಿ ಮಾಡಿದ್ದನ್ನೆಲ್ಲ ಹೇಳಿದರೆ ನೀವು ಪುಟ ತಿರುವಿಬಿಡುತ್ತೀರಿ. ಯಂತ್ರ ಏಳುವಾಗ ಸರ್ವರನ್ನು ಎಬ್ಬಿಸುವ ಸಣ್ಣ ಸ್ಕ್ರಿಪ್ಟು ಬರೆದೆ. ಜಾವಾ ಎಲ್ಲಿದೆ ಎಂಬುದನ್ನು ಅದರೊಳಗೇ ಬರೆದಿಟ್ಟೆ. ಆಮೇಲೆ ಗೌರಿಯನ್ನು ಆರಿಸುವುದು, ಹತ್ತಿಸುವುದು, ಆರಿಸುವುದು, ಹತ್ತಿಸುವುದು. ಒಮ್ಮೆ ಕ್ರಮವಾಗಿ ಆರಿಸಿದರೆ ಇನ್ನೊಮ್ಮೆ ಗೋಡೆಯ ಸ್ವಿಚ್ಚನ್ನೇ ಫಟ್ಟೆಂದು ಆರಿಸಿಬಿಡುವುದು. ಅಲ್ಲೂ ಒಂದು ತಮಾಷೆ ಕಾದಿತ್ತು. ನಮ್ಮ ಸರ್ವರ್ ಎದ್ದ ಕೂಡಲೇ ‘ನಾನು ಎದ್ದಿದ್ದೇನೆ’ ಎಂದು ಒಂದು ಗುರುತು ಇಟ್ಟುಕೊಳ್ಳುತ್ತಿತ್ತು, ಮಲಗುವಾಗ ಅಳಿಸುತ್ತಿತ್ತು. ಕರೆಂಟು ಹಠಾತ್ತನೆ ಹೋದರೆ ಅಳಿಸಲು ಪುರುಸೊತ್ತಿಲ್ಲ. ಮತ್ತೆ ಏಳಬೇಕಾದಾಗ ಆ ಹಳೆಯ ಗುರುತು ನೋಡಿ, ಓಹೋ ನಾನಾಗಲೇ ಎದ್ದಿದ್ದೇನಲ್ಲ ಎಂದುಕೊಂಡು ಮಲಗಿಯೇ ಇರುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ನಾನೂ ಹೀಗೆಯೇ, ಎದ್ದು ಓದುತ್ತಿರುವಂತೆ ಕನಸು ಕಾಣುತ್ತ ಮಲಗಿದ್ದವಳು. ಅದನ್ನೂ ಸರಿಪಡಿಸಿದೆ.

ಹೊಸ ಸಿ.ಡಿ. ಬರೆದು ಕೆಳಗೆ ಹೋದೆ. ಪಾಪಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು.

“ಅಮ್ಮಾ, ಇದು ಶಿವಾಜಿನಗರಕ್ಕೆ ಹೋಗ್ಬೇಕು. ಒಂದು ಬೊಟ್ಟು ಇಡಿ.”

“ನನ್ ಕೈಲಿ ಬ್ಯಾಡ ಕಣಮ್ಮ,” ಅಂದರು, ತಲೆ ಎತ್ತದೆ.

ನಿಮ್ಮಿಂದ ಆದದ್ದಲ್ಲ, ನೀವು ಮಲಗಿಸಿದ್ದಕ್ಕೇ ನಮಗೆ ಗೊತ್ತಾದದ್ದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, “ನನ್ ಸಮಾಧಾನಕ್ಕೆ ಹೇಳ್ತೀಯ. ಒಳ್ಳೆ ಮಗು ನೀನು,” ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಸಿ.ಡಿ. ಬೊಟ್ಟಿಲ್ಲದೆಯೇ ಹೋಯಿತು.

ಸಾಹೇಬರ ಅಂಗಡಿಯಲ್ಲಿ ಪರೀಕ್ಷೆ ನಡೆದ ದಿನ ನಾನೂ ಫ್ರಾನ್ಸಿಸ್ಸೂ ಫೋನಿನ ಎದುರು ಕೂತಿದ್ದೆವು. ಬೆಳಿಗ್ಗೆ ಗುಮಾಸ್ತ ಸಿ.ಡಿ. ಹಾಕಿದರು, ಪುಟ ಬಂತು ಎಂದು ಫೋನು ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಫೋನು. ಗುಮಾಸ್ತರ ಧ್ವನಿ. “ಮೇಡಂ, ಕರೆಂಟ್ ಹೋಯ್ತು.” ನಾನು ಫ್ರಾನ್ಸಿಸ್ ಕಡೆ ನೋಡಿದೆ. ಅವರು ಜಪಮಣಿ ಹುಡುಕುತ್ತ ಜೇಬು ತಡಕುತ್ತಿದ್ದರು. ಕರೆಂಟು ಬಂದ ಮೇಲೆ ಗುಂಡಿ ಒತ್ತಿ, ಬೇರೇನೂ ಮುಟ್ಟಬೇಡಿ ಎಂದೆ. ಆಮೇಲೆ ಫೋನು ಬಹಳ ಹೊತ್ತು ಬರಲೇ ಇಲ್ಲ. ಹಠಾತ್ತನೆ ಆರಿದ ಯಂತ್ರ ಎದ್ದ ಮೇಲೆ ತನ್ನ ಡಿಸ್ಕನ್ನೆಲ್ಲ ಒಮ್ಮೆ ತಡವಿ ನೋಡಿಕೊಳ್ಳುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ಊಟದ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ಕಡೆಗೆ ಫೋನು ಮಾಡಿದವರು ಸಾಹೇಬರೇ.

“ಅರೆ ಮೇಡಂ, ಹುಡುಗ ಏನೂ ಮಾಡಿಲ್ಲ, ಪುಟ ಬಂದ್ಬಿಟ್ಟಿದೆ. ಫ್ರಾನ್ಸಿಸ್‌ಗೆ ಹೇಳಿ, ನಾಳೆ ಬಂದು ಚಾಯ್ ಕುಡೀಲಿ.”

ನಾನು ಫೋನು ಇಟ್ಟು ಹೇಳಿದೆ. ಫ್ರಾನ್ಸಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಆಫೀಸು ಉಳಿಯಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದೆ. ಪಾಪಮ್ಮನವರು ಬರುವುದಿಲ್ಲವೆಂದರು. ನಾನು ಬಿಡಲಿಲ್ಲ. ಕೈ ಹಿಡಿದುಕೊಂಡೇ ಮೆಟ್ಟಿಲು ಹತ್ತಿಸಿದೆ. ಗೌರಿಯನ್ನು ಅವರ ಕಣ್ಣೆದುರೇ ಆರಿಸಿದೆ.

“ಅಯ್ಯೋ, ಯಾಕಮ್ಮ ಆರಿಸ್ದೆ?”

“ನೀವೇ ಎಬ್ಬಿಸಿ. ಇದನ್ನ ಒತ್ತಿ.”

ಅವರು ಸೆರಗಿಗೆ ಬೆರಳು ಒರೆಸಿಕೊಂಡು ಗುಂಡಿ ಒತ್ತಿದರು, ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು. ಕಪ್ಪು ಪರದೆಯ ಮೇಲೆ ಸಾಲುಗಳು ಹರಿದವು. ಅವರಿಗೆ ಇಂಗ್ಲಿಷ್ ಓದಲು ಬರದು, ಸಾಲಿನ ತುದಿಯನ್ನೇ ನೋಡುತ್ತಿದ್ದರು. “ಹಸ್ರು ಬತ್ತಾ ಐತೆ,” ಎಂದರು ಪಿಸುದನಿಯಲ್ಲಿ. ಕೊನೆಯ ಸಾಲು ನಮ್ಮ ಸರ್ವರಿನದು. ಅದರ ಮುಂದೆಯೂ ಹಸಿರು ಬಂತು. ಫ್ರಾನ್ಸಿಸ್ ಪಕ್ಕದ ಯಂತ್ರದಲ್ಲಿ ಪುಟ ತೆರೆದು ತೋರಿಸಿದರು.

“ಯಾರು ಎಬ್ಸಿದ್ದು?”

“ಯಾರೂ ಇಲ್ಲಮ್ಮ. ತಾನೇ ಎದ್ಲು.”

ಪಾಪಮ್ಮನವರು ಯಂತ್ರದ ಪಕ್ಕೆಗೆ ಅಂಗೈ ಇಟ್ಟರು. ಅದು ಬೆಚ್ಚಗಿತ್ತು. ಸುಮಾರು ಹೊತ್ತು ಹಾಗೆಯೇ ಸವರಿದರು. ಅವರ ಕಣ್ಣು ತುಂಬಿತ್ತು, ಮರೆಮಾಡಲಿಲ್ಲ. “ಈ ಗೌರಿ ಎದ್ಲು ಬುಡು,” ಅಂದರು.

ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿ, ಕೆಳಗಿಂದ ಕುಂಕುಮದ ಭರಣಿ ತಗೊಂಬಾ,” ಅಂದರು. ತಂದುಕೊಟ್ಟೆ, ಜೊತೆಗೆ ಚೀಲದ ತಳದಲ್ಲಿ ಒಣಗಿಹೋಗಿದ್ದ ಬನ್ನಿಯನ್ನೂ. ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೌರಿಯ ಹಣೆಗೆ ಬೊಟ್ಟಿಟ್ಟರು, ಈ ಸಲ ಹಣೆ ಯಾವುದೆಂದು ಕೇಳಲಿಲ್ಲ. ಶಿವಾಜಿನಗರಕ್ಕೆ ಕಳಿಸಿದ ಸಿ.ಡಿ.ಯದೇ ಇನ್ನೊಂದು ಪ್ರತಿ ಮೇಜಿನ ಮೇಲಿತ್ತು. ಅದನ್ನು ನೋಡಿ, “ಅವತ್ತು ಇಡ್ಲಿಲ್ಲ, ಕೊಡು ಇಲ್ಲಿ,” ಎಂದು ಕೈ ಚಾಚಿದರು. ಉಂಗುರದ ಬೆರಳನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು ಭರಣಿಯಲ್ಲಿ ಅದ್ದಿ ಒತ್ತಿ ಇಟ್ಟರು.

“ಒಣಗೋಗಂಟ ಮುಟ್ಬ್ಯಾಡ,” ಅಂದರು.

ಸಿ.ಡಿ.ಯನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಬೇಕು. ಏಣಿಯ ಮೇಲೆ ಕೂತು ಹಾಗೆಯೇ ಹಿಡಿದುಕೊಂಡಿದ್ದೆ. ಆ ಬೊಟ್ಟಿನ ಮೇಲೆ ಇಲ್ಲಿಯವರೆಗೂ ನನ್ನ ಬೆರಳು ತಾಗಿಲ್ಲ.